ಮಸ್ಜಿದ್-ಎ-ಆಲಾ ಮತ್ತು ಟಿಪ್ಪುವಿನ ಅರಸುತನ

ಶ್ರೀರಂಗಪಟ್ಟಣದ ಕೋಟೆಯೊಳಗೆ, ಬೆಂಗಳೂರು ಬಾಗಿಲಿನ ಬಳಿ, ಎತ್ತರದ ಜಗತಿಯ ಮೇಲೆ ಮಸ್ಜಿದ್-ಎ-ಆಲಾ ನಿಂತಿದೆ. ಎರಡು ಮಿನಾರುಗಳ ಈ ಮಸೀದಿ ಪೂರ್ಣಗೊಂಡದ್ದು 1787ರ ಸುಮಾರಿಗೆ. ಟಿಪ್ಪು ಸುಲ್ತಾನನ ಜೀವನವನ್ನು ಯುದ್ಧಗಳ ಸರಣಿಯಾಗಿ ನಿರೂಪಿಸುವುದು ರೂಢಿ. ಅವನ ಪ್ರಭುತ್ವದ ಸ್ವರೂಪವನ್ನು ಅರಿಯಲು ಈ ಕಟ್ಟಡದ ಕಾಲ ಹೆಚ್ಚು ನೆರವಾಗುತ್ತದೆ.

ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪುವಿಗೆ ಆರ್ಕಾಟಿನ ಸಂತ ಟಿಪ್ಪು ಮಸ್ತಾನನ ಹೆಸರನ್ನಿಡಲಾಯಿತು. ತಂದೆ ಹೈದರ್ ಅಲಿ ಅಧಿಕಾರವನ್ನೆಲ್ಲ ಕೈಯಲ್ಲಿಟ್ಟುಕೊಂಡಿದ್ದರೂ ಒಡೆಯರ ಸಿಂಹಾಸನವನ್ನು ಹೆಸರಿಗೆ ಉಳಿಸಿಕೊಂಡಿದ್ದ. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡಾಗ ಮಗನಿಗೆ ದೊರೆತದ್ದು ರಾಜ್ಯ ಮತ್ತು ನಡೆಯುತ್ತಿದ್ದ ಯುದ್ಧ, ಅರಸನೆನ್ನಿಸಿಕೊಳ್ಳುವ ಹಕ್ಕಲ್ಲ. 1784ರ ಮಂಗಳೂರು ಒಪ್ಪಂದದಿಂದ ಯುದ್ಧ ನಿಂತಿತು, ಹಕ್ಕಿನ ಪ್ರಶ್ನೆ ಉಳಿಯಿತು. 1786ರಲ್ಲಿ ಅವನು ಪಾದಶಹನೆಂದು ಘೋಷಿಸಿಕೊಂಡ; ಶುಕ್ರವಾರದ ಖುತ್ಬಾದಲ್ಲಿ ಮೊಘಲ್ ಚಕ್ರವರ್ತಿಯ ಬದಲು ತನ್ನ ಹೆಸರನ್ನು ಓದಿಸಿದ. ಅದೇ ವರ್ಷ ಇಸ್ತಾಂಬುಲಿನ ಸುಲ್ತಾನನ ಬಳಿಗೆ ರಾಯಭಾರ ಹೊರಟಿತು. ಮಸೀದಿ ಈ ವರ್ಷಗಳ ಸೃಷ್ಟಿ. ಅದನ್ನು ಕೇವಲ ಭಕ್ತಿಯ ಕುರುಹೆಂದು ಓದುವುದು ಅಪೂರ್ಣ.

ಅಂತೆಯೇ ಅದನ್ನು ಮತೀಯ ಆಳ್ವಿಕೆಯ ಮುದ್ರೆಯೆಂದು ಮಾತ್ರ ಓದುವುದೂ ಸಾಲದು. ಅವನು ಜಾರಿಗೆ ತಂದ ಮೌಲೂದಿ ಪಂಚಾಂಗ ಪ್ರವಾದಿಯನ್ನು ಆಧರಿಸಿದ್ದರೂ, ಲೆಕ್ಕ ಮಾತ್ರ ಈ ನೆಲದ ಚಾಂದ್ರ-ಸೌರಮಾನದ ಅರವತ್ತು ಸಂವತ್ಸರಗಳದೇ. ರಂಗನಾಥನ ಗುಡಿ ಅದೇ ಕೋಟೆಯೊಳಗೆ ಪೂಜೆಗೊಳ್ಳುತ್ತಿತ್ತು. 1791ರಲ್ಲಿ ಮರಾಠಾ ಪಡೆ ಶೃಂಗೇರಿಯನ್ನು ಸೂರೆಗೈದ ಬಳಿಕ ಮಠಕ್ಕೆ ಅವನು ನೆರವಾದುದನ್ನು 1916ರಲ್ಲಿ ಬೆಳಕಿಗೆ ಬಂದ ಕನ್ನಡ ಪತ್ರಗಳು ತಿಳಿಸುತ್ತವೆ. ಕೊಡವರು ಹಾಗೂ ಕರಾವಳಿಯ ಕ್ರೈಸ್ತರು ಅನುಭವಿಸಿದ ಸೆರೆಯೂ ಮತಾಂತರವೂ ಇದೇ ಆಳ್ವಿಕೆಯವು. ಒಂದನ್ನು ಹೇಳಿ ಮತ್ತೊಂದನ್ನು ಮರೆಮಾಚುವ ಚರಿತ್ರೆಗಳು ಎರಡೂ ಕಡೆ ಹೇರಳವಾಗಿವೆ. ಮಸೀದಿಯ ನೆಲೆಯಲ್ಲಿ ಮೊದಲು ಆಂಜನೇಯನ ಗುಡಿಯಿತ್ತೆಂಬ ವಾದ 2022ರಲ್ಲಿ ಮತ್ತೆ ತೀವ್ರಗೊಂಡಿತು.

1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕೈಬಿಟ್ಟಿತು. ಇಬ್ಬರು ಗಂಡುಮಕ್ಕಳು ಒತ್ತೆಯಾಳುಗಳಾದರು. 1796ರಲ್ಲಿ ಚಾಮರಾಜ ಒಡೆಯರು ತೀರಿಕೊಂಡಾಗ ಟಿಪ್ಪು ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ. ತಂದೆ ಕಾಪಾಡಿಕೊಂಡಿದ್ದ ಹೆಸರಿನ ಆಸರೆಯೂ ಹೀಗೆ ಕಳಚಿತು. 1799ರ ಮೇ 4ರಂದು ಕೋಟೆ ಬಿದ್ದಾಗ ಅವನು ನೀರಬಾಗಿಲ ಬಳಿ ಹೋರಾಡುತ್ತ ಮಡಿದ. ಮರುದಿನ ಗಂಜಾಮಿನ ಗುಂಬಜಿನಲ್ಲಿ, ತಂದೆತಾಯಿಯರ ಪಕ್ಕದಲ್ಲಿ, ಅವನ ದೇಹವನ್ನು ಮಣ್ಣುಮಾಡಲಾಯಿತು. ರಾಜಧಾನಿ ಮೈಸೂರಿಗೆ ಹೋಯಿತು. ಸಣ್ಣ ಊರಾಗಿ ಉಳಿದ ಪಟ್ಟಣದಲ್ಲಿ ಮಿನಾರುಗಳು ದೂರದಿಂದಲೇ ಕಾಣುತ್ತವೆ.