ಎಳೆಯರ ಗುರು ಪಂಜೆ ಮಂಗೇಶರಾಯರು

ನಾಗರಹಾವಿನ ಪದ್ಯ ಬಾಯಿಪಾಠ ಮಾಡದೆ ಕನ್ನಡ ಶಾಲೆಯ ಮೆಟ್ಟಿಲು ಇಳಿದವರು ನಮ್ಮಲ್ಲಿ ಕಡಿಮೆ. ಕರಾವಳಿಯಲ್ಲಿ ಹುಟ್ಟಿದ ಆ ಪದ್ಯ ಪಠ್ಯಪುಸ್ತಕಗಳ ಮೂಲಕ ಘಟ್ಟ ಹತ್ತಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಶಾಲೆಗಳನ್ನೂ ತಲಪಿತು. ಅದನ್ನು ಬರೆದ ಪಂಜೆ ಮಂಗೇಶರಾಯರನ್ನು ನಾವು ಕವಿಯೆಂದೇ ನೆನೆಯುತ್ತೇವೆ. ಆದರೆ ಅವರು ವೃತ್ತಿಯಿಂದ ಮೇಷ್ಟರು. ಎಳೆಯ ಮಕ್ಕಳಿಗೆ ಕಲಿಸುವವರ ವೃತ್ತಿಧರ್ಮ ಹೇಗಿರಬೇಕು ಎಂಬುದಕ್ಕೆ ಅವರ ಬದುಕೇ ಒಂದು ಪಾಠ.

ಪಂಜೆಯವರು 1874ರ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಜನಿಸಿದರು. ಮನೆಮಾತು ಕೊಂಕಣಿ. ಬಡತನದಲ್ಲೇ ಓದಿ, ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಆಮೇಲೆ ಶಾಲೆಗಳ ಸಬ್ ಅಸಿಸ್ಟೆಂಟ್ ಇನ್ಸ್‌ಪೆಕ್ಟರರಾಗಿ ಊರೂರು ಸುತ್ತಿದರು. ಮುಂದೆ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಕೊಡಗಿನ ಜನ ಇಂದಿಗೂ ಅಭಿಮಾನದಿಂದ ಹಾಡುವ ಹುತ್ತರಿ ಹಾಡು ಅವರದೇ ರಚನೆ.

ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಖಾಸಗಿ ಶಾಲೆಗೆ ಸರಕಾರದ ಗ್ರಾಂಟು ಸಿಗಬೇಕಾದರೆ ಇನ್ಸ್‌ಪೆಕ್ಟರರ ವರದಿ ಚೆನ್ನಾಗಿರಬೇಕು. ಹೀಗಾಗಿ ಸಾಹೇಬರು ಬರುತ್ತಾರೆಂದರೆ ಮೇಷ್ಟರಿಗೆ ಭಯ, ಆ ಭಯ ಮಕ್ಕಳ ಬೆನ್ನಿಗೆ ಇಳಿಯುತ್ತಿತ್ತು. ಅಂಥ ಅಧಿಕಾರದಲ್ಲಿದ್ದ ಪಂಜೆಯವರು ತಮ್ಮ ಹುದ್ದೆಯನ್ನೇ ನಗೆಗೆ ಒಡ್ಡಿ, ಹಳೆಯ ಸಬ್ ಅಸಿಸ್ಟೆಂಟನೊಬ್ಬನ ಸುಳ್ಳು ಡೈರಿಯ ಹೆಸರಿನಲ್ಲಿ ಹಾಸ್ಯ ಬರೆದರು. ತಾನು ಕುಳಿತ ಕುರ್ಚಿಯನ್ನೇ ಪರೀಕ್ಷಿಸಿಕೊಳ್ಳುವುದು ವೃತ್ತಿಧರ್ಮದ ಮೊದಲ ಮೆಟ್ಟಿಲಲ್ಲವೇ?

ಎರಡನೆಯದು ಭಾಷೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಮಗು ಶಾಲೆಗೆ ಬಂದಾಗ ಪುಸ್ತಕದ ಕನ್ನಡ ಅದಕ್ಕೆ ಹೊಸದು. ಮಾತು ಬಾರದ ಮಗುವನ್ನು ದಡ್ಡ ಎನ್ನುವುದು ಸುಲಭ. ಕೊಂಕಣಿ ಮನೆಯ ಪಂಜೆಯವರಿಗೆ ಈ ಕಷ್ಟ ಹೊರಗಿನದಾಗಿರಲಿಲ್ಲ. ಅವರು ಕುಣಿಸಿ ಹಾಡಿಸಬಹುದಾದ ಚಿಕ್ಕ ಚಿಕ್ಕ ಮಾತುಗಳಲ್ಲಿ ಪದ್ಯ ಬರೆದರು. ಮಕ್ಕಳಿಗೆ ಪರಿಚಯವಿದ್ದ ಸಿಗಡಿ, ಇಲಿ, ಕೋಳಿಗಳ ಕಥೆ ಹೇಳಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳ ಪುಸ್ತಕಗಳಿಗೆ ದಾರಿ ಮಾಡಿದರು. ಮಕ್ಕಳಿಗೆ ಬರೆಯುವುದು ಕೀಳು ಕೆಲಸವೆಂದು ಅವರು ಎಣಿಸಲಿಲ್ಲ. ಕವಿಶಿಷ್ಯ ಎಂಬ ವಿನಯದ ಹೆಸರಿನಲ್ಲಿ ಬರೆದರು.

ಮೂರನೆಯದು ಭಯ. ನಾಗರಹಾವಿನ ಪದ್ಯದಲ್ಲಿ ಮಗು ಹಾವನ್ನು ಬಡಿಯುವುದಿಲ್ಲ, ಚೀರಿ ಓಡುವುದೂ ಇಲ್ಲ, ಕೈಮುಗಿದು ಮಾತನಾಡಿಸುತ್ತದೆ. ಹೆದರಿಸಿ ಕಲಿಸುವ ಕಾಲದಲ್ಲಿ ಹೆದರಿಕೆಯ ಮುಂದೆ ನಿಂತು ಮಾತನಾಡುವ ಮಗುವನ್ನು ಅವರು ನಮಗೆ ಕೊಟ್ಟರು.

1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. 1937ರ ಅಕ್ಟೋಬರ್ 25ರಂದು ನಿಧನರಾದರು.

ನಮ್ಮ ಧರ್ಮಕೇಂದ್ರಗಳ ಆವರಣದಲ್ಲಿ ನರ್ಸರಿಗಳು, ಬಾಲವಾಡಿಗಳು ಎಷ್ಟೋ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಆದರೆ ಆ ಕಾಯ್ದೆಯ ಲೆಕ್ಕದಲ್ಲಿ ಮಗುವೆಂದರೆ 6ರಿಂದ 14 ವರ್ಷದವರು. ಮೂರು ವರ್ಷದ ಪುಟಾಣಿಗೆ ದೂರು ಕೊಡಲು ಗೊತ್ತಿಲ್ಲ. ಮನೆಯಲ್ಲಿ ಹೇಳಲೂ ಮಾತು ಸಾಲದು. ಬಾಗಿಲು ಹಾಕಿದ ತರಗತಿಯಲ್ಲಿ ಅದಕ್ಕೆ ಇರುವ ಕಾವಲು ಶಿಕ್ಷಕಿಯ ಮನಸ್ಸಾಕ್ಷಿ ಒಂದೇ.

ಅದನ್ನು ಶಿಕ್ಷಕಿಯೊಬ್ಬಳ ತಲೆಗೇ ಕಟ್ಟುವುದೂ ನ್ಯಾಯವಲ್ಲ. ಸಿಗಡಿ ಯಾಕೆ ಒಣಗಲಿಲ್ಲ ಎಂಬ ಪಂಜೆಯವರ ಕಥೆಯಲ್ಲಿ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾ ಹೋಗುತ್ತಾರೆ. ನಮ್ಮಲ್ಲಿಯೂ ಹಾಗೆಯೇ: ಶಿಕ್ಷಕಿ ಪಾಲಕರತ್ತ, ಪಾಲಕರು ಆಡಳಿತದತ್ತ, ಆಡಳಿತ ಹಣದ ಕೊರತೆಯತ್ತ. ಒಬ್ಬಳಿಗೆ ನಲವತ್ತು ಮಕ್ಕಳನ್ನು ಒಪ್ಪಿಸಿ, ಕಡಿಮೆ ಸಂಬಳ ಕೊಟ್ಟು, ತಾಳ್ಮೆಯನ್ನು ಮಾತ್ರ ಪೂರ್ತಿ ಕೇಳುವುದು ಯಾವ ಧರ್ಮ? ಶಾಲೆ ನಡೆಸುವ ನಾವೆಲ್ಲರೂ ಈ ಪ್ರಶ್ನೆಗೆ ಉತ್ತರಿಸಬೇಕಾಗಿದೆ.

ಹೊಸ ಕಟ್ಟಡ, ಬಣ್ಣದ ಗೋಡೆ ಒಳ್ಳೆಯದೇ. ಅದಕ್ಕೂ ಮೊದಲು, ಬೆಳಿಗ್ಗೆ ಗೇಟಿನ ಬಳಿ ಅಳುವ ಮಗುವಿನ ಭಾಷೆಯಲ್ಲಿ ನಾಲ್ಕು ಮಾತನಾಡಬಲ್ಲವರು ಅಲ್ಲಿರಲಿ.