ಜಾರುವುದನ್ನು ಲೆಕ್ಕಕ್ಕೆ ತಗೊಂಡವರು: ಹರ್ಮನ್ ಫೋಟಿಂಗರ್

ಹೋದ ಮಳೆಗಾಲದಲ್ಲಿ ಗುಂಡ್ಯ ದಾಟಿ ಶಿರಾಡಿ ಘಾಟ್ ಹತ್ತುವಾಗ ನಮ್ಮ ಸೋದರಮಾವನ ಆಟೋಮ್ಯಾಟಿಕ್ ಕಾರು ವಿಚಿತ್ರವಾಗಿ ಆಡತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಹೋ ಅಂತ ಕೂಗುತ್ತೆ, ಆರ್‌ಪಿಎಂ ಮುಳ್ಳು ಮೇಲೇರುತ್ತೆ, ಕಾರಿನ ವೇಗ ಮಾತ್ರ ಹಾಗೇ ಇರುತ್ತೆ. ಗೇರ್‌ಬಾಕ್ಸೇ ಹೋಯ್ತು ಅಂತ ತೀರ್ಮಾನಿಸಿ ಮಾವ ಮನಸ್ಸಿನಲ್ಲೇ ಲಕ್ಷದ ಲೆಕ್ಕ ಹಾಕುತ್ತಾ ಕೂತಿದ್ದರು. ಮೆಕ್ಯಾನಿಕಲ್ ಓದ್ತಿರೋ ಅಳಿಯ ಪಕ್ಕದಲ್ಲೇ ಇದ್ದರೂ ಅವನಿಂದ ಪ್ರಯೋಜನ ಏನೂ ಆಗಲಿಲ್ಲ ಅನ್ನೋದು ಬೇರೆ ಮಾತು.

ಗೇರ್ ಜಾರುವುದು ಅಂದರೆ ನಿಜವಾಗಿ ಏನು ಜಾರೋದು? ಇದನ್ನು ಹುಡುಕುತ್ತಾ ಹೋದಾಗ ಸಿಕ್ಕವರು ಹರ್ಮನ್ ಫೋಟಿಂಗರ್. ಫ್ಲೂಯಿಡ್ ಕಪ್ಲಿಂಗ್ ಬಗ್ಗೆ ಪರೀಕ್ಷೆಗೆ ಬರುವ ಪ್ರಶ್ನೆಯಲ್ಲಿ ಅವರ ಹೆಸರನ್ನು ನಾವೆಲ್ಲ ಒಂದು ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗಿದ್ದೇವೆ. ಆ ಸಾಲಿನ ಹಿಂದಿನ ಮನುಷ್ಯನ ಕಥೆ ಇದು. ಮಾವನ ಕಾರಿಗೆ ಕೊನೆಗೆ ಬರ್ತೀನಿ.

ಫೋಟಿಂಗರ್ ಹುಟ್ಟಿದ್ದು 1877ರ ಫೆಬ್ರವರಿ 9ರಂದು, ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಮ್ಯೂನಿಕ್‌ನ ತಾಂತ್ರಿಕ ಕಾಲೇಜಿನಲ್ಲಿ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಓದು ಮುಗಿದ ಮೇಲೆ 1899ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ಸೇರಿದ್ದು ಮಾತ್ರ ಹಡಗು ಕಟ್ಟುವ ಕಾರ್ಖಾನೆ. ಸ್ಟೆಟಿನ್ ಊರಿನ ವಲ್ಕನ್ ಹಡಗುಕಟ್ಟೆ ಅದು. ಆ ಊರು ಈಗ ಪೋಲೆಂಡಿನಲ್ಲಿದೆ, ಹೆಸರು ಶ್ಚೆಚಿನ್. ಅಟ್ಲಾಂಟಿಕ್ ದಾಟುವ ಅತಿ ವೇಗದ ಪ್ರಯಾಣಿಕ ಹಡಗುಗಳು ಆಗ ಅಲ್ಲಿಂದಲೇ ನೀರಿಗಿಳಿಯುತ್ತಿದ್ದವು. ಬ್ರಾಂಚ್ ಬಿಟ್ಟು ಬೇರೆ ಕೆಲಸಕ್ಕೆ ಹೋಗೋದು ಇವತ್ತಿನ ರೋಗ ಅಂತ ಬೇಸರ ಮಾಡಿಕೊಳ್ಳುವ ನಮ್ಮ ಮೇಷ್ಟ್ರುಗಳು ಇದನ್ನು ಗಮನಿಸಬಹುದು.

ಆ ಕಾಲದ ದೊಡ್ಡ ತಲೆನೋವು ಸ್ಟೀಮ್ ಟರ್ಬೈನ್. ಇಂಗ್ಲೆಂಡಿನ ಪಾರ್ಸನ್ಸ್ 1897ರಲ್ಲಿ ತನ್ನ ಪುಟ್ಟ ಟರ್ಬೈನ್ ದೋಣಿಯನ್ನು ನೌಕಾಪಡೆಯ ಕಣ್ಣೆದುರೇ ಓಡಿಸಿ ತೋರಿಸಿದ ಮೇಲೆ ಎಲ್ಲರಿಗೂ ಟರ್ಬೈನ್ ಬೇಕಾಯಿತು. ಟರ್ಬೈನ್‌ಗೆ ವೇಗವಾಗಿ ತಿರುಗಿದರೇನೇ ಸುಖ. ಹಡಗಿನ ಪ್ರೊಪೆಲರ್‌ಗೆ ನಿಧಾನವಾಗಿ ತಿರುಗಿದರೆ ಸುಖ, ಜೋರಾಗಿ ತಿರುಗಿಸಿದರೆ ನೀರಿನಲ್ಲಿ ಗುಳ್ಳೆ ಎದ್ದು ಶಕ್ತಿ ಪೋಲಾಗುತ್ತೆ. ಸಾಲದ್ದಕ್ಕೆ ಟರ್ಬೈನ್ ಹಿಂದಕ್ಕೆ ತಿರುಗೋದಿಲ್ಲ, ಹಡಗು ಹಿಂದಕ್ಕೆ ಹೋಗಲೇಬೇಕು.

ಇನ್ನೊಂದು ತೊಂದರೆಯೂ ಇತ್ತು. ಹಳೇ ಪಿಸ್ಟನ್ ಎಂಜಿನ್ನಾದರೆ ಸಿಲಿಂಡರಿಗೆ ಇಂಡಿಕೇಟರ್ ಕಟ್ಟಿ ಎಷ್ಟು ಹಾರ್ಸ್‌ಪವರ್ ಅಂತ ಅಳೆಯಬಹುದಿತ್ತು. ಟರ್ಬೈನ್‌ನಲ್ಲಿ ಸಿಲಿಂಡರೇ ಇಲ್ಲ! ಫೋಟಿಂಗರ್ ಮೊದಲು ಕೈ ಹಾಕಿದ್ದು ಈ ಅಳತೆಯ ಸಮಸ್ಯೆಗೆ. ಉಕ್ಕಿನ ಶಾಫ್ಟ್ ಕೂಡ ಹೊರೆ ಬಿದ್ದಾಗ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತೆ. ಶಾಫ್ಟಿನ ಮೇಲೆ ಉದ್ದನೆಯ ಕೊಳವೆ ಹೊದಿಸಿ, ಅದರ ಒಂದು ತುದಿಯನ್ನು ಮಾತ್ರ ಶಾಫ್ಟಿಗೆ ಬಿಗಿದರೆ, ಇನ್ನೊಂದು ತುದಿಯಲ್ಲಿ ಆ ತಿರುಚು ಕಾಣಿಸುತ್ತೆ. ಅದನ್ನು ಸನ್ನೆಗಳಿಂದ ಹಿಗ್ಗಿಸಿ ಪೆನ್ನಿನಿಂದ ಕಾಗದದ ಮೇಲೆ ಗೀರಿಸಿದರು. ತಿರುಚಿನಿಂದ ಟಾರ್ಕ್, ಟಾರ್ಕಿಗೆ ವೇಗ ಗುಣಿಸಿದರೆ ಪವರ್. 1904ರಲ್ಲಿ ಮ್ಯೂನಿಕ್‌ನಲ್ಲಿ ಅವರಿಗೆ ಡಾಕ್ಟರೇಟ್ ಸಿಕ್ಕಿದ್ದು ಈ ವಿಷಯಕ್ಕೇ. ನನ್ನ ಪ್ರಕಾರ ಅವರ ಮುಂದಿನ ಕೆಲಸದ ಬೇರು ಇಲ್ಲಿದೆ. ಒಳಗೆ ಎಷ್ಟು ಹೋಯ್ತು, ಹೊರಗೆ ಎಷ್ಟು ಬಂತು, ನಡುವೆ ಎಷ್ಟು ಕಳೀತು ಅಂತ ಎರಡೂ ತುದಿ ಅಳೆದು ನೋಡುವ ಅಭ್ಯಾಸ.

ವೇಗ ತಗ್ಗಿಸಲು ಹಲ್ಲಿನ ಗೇರ್ ಹಾಕೋಣ ಅಂದರೆ ಅಷ್ಟು ದೊಡ್ಡ ಶಕ್ತಿ ತಡೆಯುವ ಗೇರ್ ಕೊರೆಯಲು ಆಗಿನ್ನೂ ಬರುತ್ತಿರಲಿಲ್ಲ. ಜನರೇಟರ್ ಇಟ್ಟು ಮೋಟರ್ ಓಡಿಸೋಣ ಅಂದರೆ ಭಾರ, ಖರ್ಚು. ಪಂಪು ನೀರನ್ನು ತಳ್ಳಲಿ, ಆ ನೀರು ಟರ್ಬೈನ್ ತಿರುಗಿಸಲಿ ಅಂದರೆ ನಷ್ಟ ವಿಪರೀತ. ಪಂಪಿನ ದಕ್ಷತೆ 75 ಪರ್ಸೆಂಟ್, ಟರ್ಬೈನಿನದು 80 ಅಂತಿಟ್ಟುಕೊಂಡರೂ ಗುಣಿಸಿದಾಗ ಉಳಿಯೋದು 60.

ಫೋಟಿಂಗರ್ ಕೇಳಿಕೊಂಡಿದ್ದು, ಈ ನಷ್ಟ ಆಗ್ತಿರೋದು ಎಲ್ಲಿ ಅಂತ. ಬಹುಪಾಲು ನಷ್ಟ ತಿರುಗುವ ಚಕ್ರಗಳಲ್ಲಿರಲಿಲ್ಲ. ಪಂಪಿನ ಸುತ್ತಲಿನ ಸುರುಳಿ ಕವಚ, ನಡುವಿನ ಪೈಪು, ಬಾಗು, ಟರ್ಬೈನಿಗೆ ನೀರು ಒಯ್ಯುವ ದಾರಿ, ಇವುಗಳಲ್ಲಿತ್ತು. ಹಾಗಾದರೆ ಇದೆಲ್ಲ ಯಾಕೆ ಬೇಕು? ಪಂಪಿನ ಚಕ್ರ ಮತ್ತು ಟರ್ಬೈನಿನ ಚಕ್ರವನ್ನು ಒಂದೇ ಡಬ್ಬಿಯೊಳಗೆ ಹತ್ತಿರ ಹತ್ತಿರ ಕೂರಿಸಿದರೆ ಒಂದರಿಂದ ಹೊರಟ ನೀರು ಇನ್ನೊಂದಕ್ಕೆ ನೇರ ಹೋಗುತ್ತೆ. ನಡುವೆ ಅಲುಗದೆ ನಿಂತ ಮೂರನೇ ಚಕ್ರ, ಅಂದರೆ ಸ್ಟೇಟರ್, ಇಟ್ಟು ನೀರಿನ ದಿಕ್ಕು ತಿರುಗಿಸಿದರೆ ವೇಗ ಇಳಿದು ಟಾರ್ಕ್ ಏರುತ್ತೆ. 1905ರ ಜೂನ್ 24ರ ಪೇಟೆಂಟ್ ಇದಕ್ಕೇ. ಸ್ಟೇಟರ್ ತೆಗೆದರೆ ಉಳಿಯೋದು ಫ್ಲೂಯಿಡ್ ಕಪ್ಲಿಂಗ್. ಅದರಲ್ಲಿ ಟಾರ್ಕ್ ಹೆಚ್ಚೋದಿಲ್ಲ, ಬಂದಷ್ಟೇ ದಾಟುತ್ತೆ.

ಇಲ್ಲೊಂದು ಸೂಕ್ಷ್ಮ ಇದೆ. ಕಪ್ಲಿಂಗ್‌ನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಿದರೆ ದ್ರವ ಒಂದರಿಂದ ಇನ್ನೊಂದಕ್ಕೆ ಹರಿಯೋದೇ ಇಲ್ಲ, ಟಾರ್ಕೂ ದಾಟಲ್ಲ. ಎರಡನೇ ಚಕ್ರ ಸ್ವಲ್ಪ ಹಿಂದೆ ಬೀಳಲೇಬೇಕು. ಅಂದರೆ ಜಾರುವಿಕೆ ಈ ಯಂತ್ರದ ದೋಷ ಅಲ್ಲ, ಕೆಲಸ ಮಾಡುವ ರೀತಿಯೇ ಅದು. ಎಷ್ಟು ಜಾರಬೇಕು ಅಂತ ಮೊದಲೇ ಲೆಕ್ಕ ಹಾಕಿ ಇಡಬಹುದು, ಅಷ್ಟೆ.

1909ರ ಹೊತ್ತಿಗೆ ಇದು ಪರೀಕ್ಷಾ ದೋಣಿಯಲ್ಲಿ ಓಡಿತು. ಅದೇ ವರ್ಷ ಅವರು ಡಾನ್ಜಿಗ್‌ನಲ್ಲಿ ಪ್ರೊಫೆಸರ್ ಆದರು. ಮುಂದಿನ ಹಡಗುಗಳ ಹಣೆಬರಹ ಮಾತ್ರ ಚೆನ್ನಾಗಿರಲಿಲ್ಲ. ಫೋಟಿಂಗರ್ ಟ್ರಾನ್ಸ್‌ಫಾರ್ಮರ್ ಹೊತ್ತ ಪ್ರಯಾಣಿಕ ಹಡಗು ಕ್ಯೋನಿಗಿನ್ ಲೂಯಿಸೆ 1913ರಲ್ಲಿ ಬಂತು. ಮಹಾಯುದ್ಧ ಶುರುವಾದೊಡನೆ ಅದನ್ನು ಸಮುದ್ರದಲ್ಲಿ ಮೈನ್ ಹಾಕಲು ಕಳಿಸಿದರು, 1914ರ ಆಗಸ್ಟ್ 5ರಂದೇ ಬ್ರಿಟಿಷರು ಮುಳುಗಿಸಿದರು. ದೊಡ್ಡ ಹಡಗು ಟಿರ್ಪಿಟ್ಸ್ ಯುದ್ಧದಿಂದಾಗಿ ಅರ್ಧಕ್ಕೇ ನಿಂತು, ಆಮೇಲೆ ಗೆದ್ದವರ ಪಾಲಾಗಿ, ಎಂಪ್ರೆಸ್ ಆಫ್ ಆಸ್ಟ್ರೇಲಿಯಾ ಅಂತ ಹೆಸರು ಬದಲಿಸಿಕೊಂಡಿತು. 1923ರ ಸೆಪ್ಟೆಂಬರ್ 1ರಂದು ಜಪಾನಿನಲ್ಲಿ ಭಾರೀ ಭೂಕಂಪವಾದಾಗ ಈ ಹಡಗು ಯೋಕೊಹಾಮಾ ಬಂದರಿನಲ್ಲೇ ಇತ್ತು, ಸಾವಿರಾರು ಜನರಿಗೆ ಆಸರೆಯಾಯಿತು. ಹಡಗೇನೋ ಹೆಸರು ಮಾಡಿತು, ಎಂಜಿನ್ ರೂಮು ಮಾಡಲಿಲ್ಲ. ವೇಗ ಸಾಲದು, ಇಂಧನ ಜಾಸ್ತಿ ಅಂತ 1926-27ರಲ್ಲಿ ಫೋಟಿಂಗರ್ ಯಂತ್ರಗಳನ್ನು ಕಿತ್ತು ಗೇರ್ ಇರುವ ಟರ್ಬೈನ್ ಹಾಕಿದರು.

ಕಾರಣ ಸರಳ. ಅಷ್ಟರಲ್ಲಿ ಗೇರ್ ಕೊರೆಯುವ ಕಲೆ ಬೆಳೆದಿತ್ತು. ಫೋಟಿಂಗರ್ ಯಂತ್ರ ತೊಂಬತ್ತರ ಆಸುಪಾಸಿಗೆ ಬಂದು ನಿಂತರೆ ಗೇರು 98 ಪರ್ಸೆಂಟ್ ಕೊಡುತ್ತಿತ್ತು. ಸಾವಿರಾರು ಹಾರ್ಸ್‌ಪವರಿನ ಹಡಗು ದಿನಗಟ್ಟಲೆ ಒಂದೇ ವೇಗದಲ್ಲಿ ಓಡುವಾಗ ಆ ಎಂಟು ಪರ್ಸೆಂಟಿನ ಕಲ್ಲಿದ್ದಲು ಯಾರು ಕೊಡ್ತಾರೆ? ಯಾವ ಕೆಲಸಕ್ಕೆ ಹುಟ್ಟಿತೋ ಆ ಕೆಲಸದಲ್ಲೇ ಸೋತಿತು. 1924ರಲ್ಲಿ ಬರ್ಲಿನ್‌ನ ತಾಂತ್ರಿಕ ಕಾಲೇಜಿಗೆ ಹೋದ ಫೋಟಿಂಗರ್, ಅಲ್ಲಿ ದ್ರವಗಳ ಹರಿವು ಮತ್ತು ಟರ್ಬೊ ಯಂತ್ರಗಳನ್ನು ಪಾಠ ಮಾಡಿದರು, ಸುಳಿಗಳ ಬಗ್ಗೆ ಸಂಶೋಧನೆ ಮಾಡಿದರು.

ಯಂತ್ರ ಬದುಕಿದ್ದು ರಸ್ತೆಯಲ್ಲಿ. ಕಾರು, ಬಸ್ಸು ಒಂದೇ ವೇಗದಲ್ಲಿ ಓಡಲ್ಲ. ನಿಲ್ಲುತ್ತೆ, ಹೊರಡುತ್ತೆ, ಮತ್ತೆ ನಿಲ್ಲುತ್ತೆ. ಎಂಜಿನ್ ತಿರುಗುತ್ತಿದ್ದರೂ ಚಕ್ರ ನಿಂತಿರಬೇಕು. ಹಡಗಿನಲ್ಲಿ ಶಾಪವಾಗಿದ್ದ ಜಾರುವಿಕೆ ಇಲ್ಲಿ ವರ. 1930ರಲ್ಲಿ ಇಂಗ್ಲೆಂಡಿನ ಡೈಮ್ಲರ್ ಕಾರುಗಳಿಗೆ ಫ್ಲೂಯಿಡ್ ಕಪ್ಲಿಂಗ್ ಬಂತು. 1939ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಅದರ ಹಿಂದೆ ನಾಲ್ಕು ಗೇರು ಜೋಡಿಸಿ ಹೈಡ್ರಾಮ್ಯಾಟಿಕ್ ಅಂತ ಮಾರುಕಟ್ಟೆಗೆ ತಂದಿತು. ಅದೇ ಗೇರ್‌ಬಾಕ್ಸ್ ಯುದ್ಧದಲ್ಲಿ ಅಮೆರಿಕದ ಹಗುರ ಟ್ಯಾಂಕುಗಳಿಗೂ ಹೋಯಿತು. ಫೋಟಿಂಗರ್ ಆಗ ಬರ್ಲಿನ್‌ನಲ್ಲೇ ಇದ್ದರು. 1945ರ ಏಪ್ರಿಲ್ 28ರಂದು, ಸೋವಿಯತ್ ಸೈನ್ಯ ಊರೊಳಗೆ ನುಗ್ಗಿದ್ದಾಗ, ಸಿಡಿದ ಗುಂಡಿನ ಚೂರು ತಗುಲಿ ತೀರಿಕೊಂಡರು. ಅರವತ್ತೆಂಟು ವರ್ಷ. ಇನ್ನು ಹತ್ತು ದಿನ ಕಳೆದಿದ್ದರೆ ಯೂರೋಪಿನಲ್ಲಿ ಯುದ್ಧ ಮುಗಿದಿರುತ್ತಿತ್ತು. ಬ್ಯೂಕ್ ಕಂಪನಿ 1948ರಲ್ಲಿ ಸ್ಟೇಟರ್ ಸಮೇತದ ಟಾರ್ಕ್ ಕನ್ವರ್ಟರನ್ನು ಮಾಮೂಲಿ ಕಾರಿಗೆ ಹಾಕಿದ್ದನ್ನು ಅವರು ನೋಡಲಿಲ್ಲ.

ಈಗ ಮಾವನ ಕಾರು. ಸಕಲೇಶಪುರದ ಹತ್ತಿರ ಸಿಕ್ಕ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಗೇರ್‌ಬಾಕ್ಸ್ ಬಿಚ್ಚುವ ಮಾತೇ ಆಡಲಿಲ್ಲ. ಸಮತಟ್ಟಾದ ಜಾಗದಲ್ಲಿ, ಎಂಜಿನ್ ಓಡುತ್ತಿರುವಾಗಲೇ, ಗೇರ್ ಆಯಿಲಿನ ಡಿಪ್‌ಸ್ಟಿಕ್ ಎಳೆದರು. ಆಯಿಲ್ ಗುರುತಿಗಿಂತ ಬಹಳ ಕೆಳಗಿತ್ತು. ಒರೆಸಿ ಮೂಸಿ ನೋಡಿದರು: ಬಣ್ಣ ಇನ್ನೂ ಕೆಂಪು, ಸುಟ್ಟ ವಾಸನೆ ಇಲ್ಲ. ಒಂದೇ ಗೇರಿನಲ್ಲಿ ಜಾರುತ್ತಾ, ಎಲ್ಲದರಲ್ಲೂನಾ ಅಂತ ಕೇಳಿದರು. ಒಂದರಲ್ಲೇ ಆದರೆ ಆ ಗೇರಿನ ಕ್ಲಚ್ ಪ್ಲೇಟಿನ ಮೇಲೆ ಅನುಮಾನ. ಎಲ್ಲದರಲ್ಲೂ ಆದರೆ ಆಯಿಲ್, ಫಿಲ್ಟರ್, ಪಂಪು, ಪ್ರೆಷರ್ ನೋಡಬೇಕು. ಮಾವನದು ಎಲ್ಲದರಲ್ಲೂ. ಆಯಿಲ್ ಕಮ್ಮಿಯಾದಾಗ ಪಂಪು ಗಾಳಿ ಎಳೆಯುತ್ತೆ, ಪ್ರೆಷರ್ ಬೀಳುತ್ತೆ, ಪ್ಲೇಟುಗಳು ಕಚ್ಚಿ ಹಿಡಿಯಲ್ಲ. ಕೂಲರ್ ಹೋಸಿನ ಕ್ಲಿಪ್ ಸಡಿಲವಾಗಿ ಆಯಿಲ್ ಸೋರಿತ್ತು.

ಹೋಸ್ ಬಿಗಿದು, ಆ ಗೇರ್‌ಬಾಕ್ಸಿಗೆ ಹೇಳಿದ ಆಯಿಲನ್ನೇ ತರಿಸಿ ತುಂಬಿ, ಸ್ಕ್ಯಾನರ್ ಚುಚ್ಚಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋದರು. ಪರದೆಯಲ್ಲಿ ಮೂರು ಸಂಖ್ಯೆ: ಎಂಜಿನ್ ವೇಗ, ಟರ್ಬೈನ್ ವೇಗ, ಔಟ್‌ಪುಟ್ ಶಾಫ್ಟ್ ವೇಗ. ಮೊದಲ ಎರಡರ ನಡುವಿನ ವ್ಯತ್ಯಾಸ ಟಾರ್ಕ್ ಕನ್ವರ್ಟರಿನ ಜಾರುವಿಕೆ. ಅದು ಫೋಟಿಂಗರ್ ಲೆಕ್ಕ ಹಾಕಿ ಬಿಟ್ಟುಕೊಟ್ಟ ಜಾರುವಿಕೆ, ಏರಿನಲ್ಲಿ ಇರಲೇಬೇಕು. ಲಾಕಪ್ ಕ್ಲಚ್ ಪೂರ್ತಿ ಹಿಡಿದ ಮೇಲೆ ಮಾತ್ರ ಸೊನ್ನೆಯ ಹತ್ತಿರ ಬರಬೇಕು. ಕೊನೆಯ ಎರಡರ ನಡುವೆ ಮಾತ್ರ ಗೇರ್ ಅನುಪಾತ ಬಿಟ್ಟು ಬೇರೇನೂ ಇರಬಾರದು. ಅನುಪಾತ 1.5 ಆಗಿದ್ದು ಔಟ್‌ಪುಟ್ 2000 ತೋರಿಸಿದರೆ ಟರ್ಬೈನ್ 3000 ಇರಬೇಕು. 3300 ಇದ್ದರೆ ಆ 300 ಪ್ಲೇಟುಗಳ ನಡುವೆ ಉಜ್ಜಿ ಶಾಖವಾಗಿ ಹೋಗ್ತಿದೆ ಅಂತ ಅರ್ಥ.

ನಾನು ಮೊಬೈಲಿನಲ್ಲಿ ಗುಣಿಸಿ ನೋಡಿದೆ. ಮೂರನೇ ಗೇರಿನಲ್ಲಿ ಸರಿಹೊಂದಿತು, ನಾಲ್ಕರಲ್ಲೂ ಹೊಂದಿತು. ವಾಪಸ್ ಬಂದಾಗ ಮಾವ ಅಂಗಡಿ ಮುಂದೆ ಎರಡನೇ ಲೋಟ ಕಾಫಿ ಕುಡಿಯುತ್ತಾ ನಿಂತಿದ್ದರು.