ಪೂಜ್ಯ ಮಾತೆ ವೆರೋನಿಕಾ ಅವರ ಜೀವನ ಚರಿತ್ರೆ

ಪರಹಿತಕ್ಕಾಗಿ ಬಾಳಿದವರ ಚರಿತ್ರೆಯನ್ನು ಓದುವುದೆಂದರೆ ಉರಿಯುವ ದೀಪದಿಂದ ನಮ್ಮ ಹಣತೆಯನ್ನು ಹಚ್ಚಿಕೊಂಡಂತೆ. ಅಂಥವರಲ್ಲಿಯೂ ಎರಡು ಬಗೆಯವರುಂಟು. ಕೆಲವರು ತಾವು ಕೈಕೊಂಡ ಕಾರ್ಯವು ಫಲಿಸಿದುದನ್ನು ಕಣ್ಣಾರೆ ಕಂಡು, ಜನರ ಮನ್ನಣೆಯನ್ನು ಪಡೆದು, ತೃಪ್ತಿಯಿಂದ ಕಣ್ಮುಚ್ಚಿದವರು. ಮತ್ತೆ ಕೆಲವರು ಬಿತ್ತಿದರು. ಆದರೆ ಬೆಳೆಯನ್ನು ಕಾಣಲಿಲ್ಲ, ರಾಶಿಯ ದಿನ ಕಣದಲ್ಲಿ ಅವರಿರಲಿಲ್ಲ. ಈ ಸ್ಮರಣ ಸಂಚಿಕೆಯಲ್ಲಿ ನಾವು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದೆ ಇಡಬಯಸಿರುವುದು ಈ ಎರಡನೆಯ ಬಗೆಯ ಒಬ್ಬ ಮಹಾತಾಯಿಯ ಚರಿತ್ರೆಯನ್ನು. ಕನ್ನಡ ನಾಡಿನಲ್ಲಿ ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿದ ಧರ್ಮಭಗಿನಿಯರ ಸಂಘಗಳಲ್ಲಿ ಹೆಸರಾದ ಅಪೊಸ್ತಲಿಕ ಕಾರ್ಮೆಲ್ ಸಂಘದ ಸಂಸ್ಥಾಪಕಿ, ಪೂಜ್ಯ ಮಾತೆ ವೆರೋನಿಕಾ ಅವರೇ ಆ ತಾಯಿ.

ಅವರ ಮೊದಲಿನ ಹೆಸರು ಸೋಫಿ ಲೀವ್ಸ್. 1823ನೆಯ ಇಸವಿಯ ಅಕ್ಟೋಬರ್ 1ರಂದು, ಇಂದು ಇಸ್ತಾಂಬುಲ್ ಎಂದು ಕರೆಯಲ್ಪಡುವ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಅವರ ಜನನವಾಯಿತು. ತಂದೆ ಹೆನ್ರಿ ಡೇನಿಯಲ್ ಲೀವ್ಸ್ ಅವರು ಆಂಗ್ಲಿಕನ್ ಸಭೆಯ ಪಾದ್ರಿಗಳು. ಅಲ್ಲಿಯ ಬ್ರಿಟಿಷ್ ರಾಯಭಾರ ಕಚೇರಿಯ ಗುರುಗಳಾಗಿದ್ದು, ಬೈಬಲ್ ಗ್ರಂಥವನ್ನು ಜನರಾಡುವ ಗ್ರೀಕ್ ಭಾಷೆಗೆ ತರುವ ಕಾರ್ಯದಲ್ಲಿ ಬಹುಕಾಲ ಶ್ರಮಿಸಿದವರು. ತಾಯಿಯ ಹೆಸರು ಮರೀನಾ. ಪ್ರಾರ್ಥನೆ, ಪುಸ್ತಕ, ಅತಿಥಿಗಳ ಬರಹೋಗು ಇವುಗಳಿಂದ ತುಂಬಿದ ಆ ಮನೆಯಲ್ಲಿ, ಹಲವು ಭಾಷೆಗಳ ಮತ್ತು ಹಲವು ಮತಗಳ ಜನರ ನಡುವೆ, ಸೋಫಿ ಬೆಳೆದಳು. 1845ರಲ್ಲಿ ತಂದೆಯು ತೀರಿಕೊಂಡರು. ಆಗ ಆಕೆಗೆ ಇಪ್ಪತ್ತೆರಡು ತುಂಬಿರಲಿಲ್ಲ.

ಯೌವನದಲ್ಲಿ ಆಕೆಯ ಮನಸ್ಸಿನೊಳಗೆ ದೊಡ್ಡದೊಂದು ಹೋರಾಟವು ನಡೆಯಿತು. ಹುಟ್ಟಿದ ಸಭೆಯಲ್ಲಿಯೇ ಇರಬೇಕೋ, ಅಂತರಂಗವು ಕರೆಯುವ ಕಡೆಗೆ ಹೋಗಬೇಕೋ ಎಂಬುದು ಪಾದ್ರಿಯ ಮಗಳಿಗೆ ಸುಲಭದ ಪ್ರಶ್ನೆಯಾಗಿರಲಿಲ್ಲ. ತಂದೆಯು ಬಾಳಿನುದ್ದಕ್ಕೂ ದುಡಿದುದು ಯಾವ ಸಭೆಗಾಗಿಯೋ ಅದನ್ನು ಬಿಡುವುದೆಂದರೆ ತಂದೆಯ ನೆನಪಿಗೆ ಎರವಾದಂತೆ ಎಂದು ಲೋಕವು ಭಾವಿಸುವ ಕಾಲವದು. ಕೊನೆಗೆ 1850ರ ಫೆಬ್ರವರಿ 2ರಂದು ಮಾಲ್ಟಾ ದ್ವೀಪದಲ್ಲಿ ಸೋಫಿಯು ಕಥೋಲಿಕ ಸಭೆಯನ್ನು ಸೇರಿದಳು. ಮರುವರ್ಷವೇ, ಫ್ರಾನ್ಸ್ ದೇಶದ ಎಮಿಲಿ ದ ವಿಯಾಲಾರ್ ಎಂಬ ಮಹನೀಯಳು ಸ್ಥಾಪಿಸಿದ್ದ ಸಂತ ಜೋಸೆಫರ ಭಗಿನಿಯರ ಸಂಘವನ್ನು ಪ್ರವೇಶಿಸಿ, ಕ್ರಿಸ್ತಯಾತನೆಯ ವೆರೋನಿಕಾ ಎಂಬ ಹೆಸರನ್ನು ಧರಿಸಿದಳು. ಕ್ರಿಸ್ತನು ಶಿಲುಬೆಯನ್ನು ಹೊತ್ತು ನಡೆಯುವಾಗ ಆತನ ಮುಖವನ್ನು ವಸ್ತ್ರದಿಂದ ಒರಸಿದ ಹೆಂಗಸಿನ ಹೆಸರೇ ವೆರೋನಿಕಾ ಎಂದು ಕ್ರೈಸ್ತ ಪರಂಪರೆಯು ಹೇಳುತ್ತದೆ. ಇಂಥ ಹೆಸರನ್ನು ಹೊತ್ತವರ ಬಾಳು ಸುಖದ ಹಾದಿಯಲ್ಲಿ ಸಾಗುವುದು ಅಪರೂಪವೇ ಸರಿ.

1862ರಲ್ಲಿ ಮಾತೆ ವೆರೋನಿಕಾ ಅವರು ಭಾರತಕ್ಕೆ ಬಂದು, ಮಲಬಾರಿನ ಕಲ್ಲಿಕೋಟೆಯ ಕಾನ್ವೆಂಟಿನಲ್ಲಿ ಸೇವೆಗೆ ತೊಡಗಿದರು. ಪಶ್ಚಿಮ ಕರಾವಳಿಯಲ್ಲಿ ಆಗ ಹೆಣ್ಣುಮಕ್ಕಳ ಶಾಲೆಗಳು ವಿರಳವಾಗಿದ್ದುವು. ಇದ್ದಲ್ಲಿ ಕಲಿಸಬಲ್ಲ ಉಪಾಧ್ಯಾಯಿನಿಯರು ಇನ್ನೂ ವಿರಳರು. ಅದೇ ಕರಾವಳಿಯಲ್ಲಿ ಕಾರ್ಮೆಲ್ ಸಭೆಯ ಫ್ರೆಂಚ್ ಗುರುಗಳಾದ ಮರಿ ಎಫ್ರೆಮ್ ಅವರು ಸೇವೆ ಸಲ್ಲಿಸುತ್ತಿದ್ದರು. ಕಾರ್ಮೆಲಿನ ಪ್ರಾರ್ಥನಾಜೀವನವನ್ನೂ ಹೆಣ್ಣುಮಕ್ಕಳ ಶಿಕ್ಷಣವನ್ನೂ ಒಂದಾಗಿ ಕೂಡಿಸಿದ ಭಗಿನಿಯರ ಸಂಘವೊಂದು ಈ ನಾಡಿಗೆ ಬೇಕೆಂಬುದು ಅವರ ಹಂಬಲವಾಗಿತ್ತು.

ಇಲ್ಲಿ ವಾಚಕರಿಗೆ ಒಂದು ವಿಷಯವನ್ನು ತಿಳಿಸಬೇಕು. ಪವಿತ್ರನಾಡಿನ ಕಾರ್ಮೆಲ್ ಬೆಟ್ಟದಿಂದ ಹೆಸರನ್ನು ಪಡೆದ ಈ ಸಭೆಯನ್ನು ಹದಿನಾರನೆಯ ಶತಮಾನದಲ್ಲಿ ಸ್ಪೇನ್ ದೇಶದ ಆವಿಲಾ ಊರಿನ ಸಂತ ತೆರೇಸಾ ಅವರು ಸುಧಾರಿಸಿದರು. ಕಾರ್ಮೆಲ್ ಸಂನ್ಯಾಸಿನಿಯರು ಮಠದ ಗೋಡೆಯನ್ನು ದಾಟಿ ಹೊರಗೆ ಬರುವವರಲ್ಲ. ಮೌನ, ಧ್ಯಾನ, ಕೈಗೆಲಸ ಇವೇ ಅವರ ಬಾಳು. ಶಾಲೆಯೆಂದರೆ ಮಕ್ಕಳ ಗದ್ದಲ, ಪಾಲಕರ ಬರಹೋಗು, ಪರೀಕ್ಷೆಗಳ ಗಡಿಬಿಡಿ. ಇವೆರಡನ್ನೂ ಒಂದೇ ಬಾಳಿನಲ್ಲಿ ಹೊಂದಿಸುವುದು ಹೇಗೆ? ಅರ್ಧ ದಿನ ಧ್ಯಾನ, ಅರ್ಧ ದಿನ ಕೆಲಸ ಎಂದು ಹಂಚಿಕೊಂಡರೆ ಎರಡೂ ಅರೆಯಾಗುವ ಭಯವುಂಟು. ಧ್ಯಾನದಲ್ಲಿ ದೊರೆತುದನ್ನೇ ತರಗತಿಯಲ್ಲಿ ಹಂಚಬೇಕು, ತರಗತಿಯ ಚಿಂತೆಯನ್ನು ಧ್ಯಾನದಲ್ಲಿ ದೇವರಿಗೊಪ್ಪಿಸಬೇಕು ಎಂಬುದೇ ಮಾತೆ ವೆರೋನಿಕಾ ಅವರ ಬಾಳು ಕೊಟ್ಟ ಉತ್ತರವೆಂದು ನಾವು ತಿಳಿಯುತ್ತೇವೆ.

ಆದರೆ ಈ ಕಾರ್ಯಕ್ಕಾಗಿ ಅವರು ತಮ್ಮ ಸಂಘವನ್ನೇ ತ್ಯಜಿಸಬೇಕಾಯಿತು. ಹದಿನೈದು ವರ್ಷಗಳಿಂದ ತಮ್ಮದಾಗಿದ್ದ ಮನೆಯನ್ನು ಅವರು ಎರಡನೆಯ ಸಲ ಬಿಟ್ಟರು. 1867ರಲ್ಲಿ, ನಾಲ್ವತ್ತಮೂರರ ವಯಸ್ಸಿನಲ್ಲಿ, ಹಿರಿಯಳಾಗಿದ್ದವರು ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠದಲ್ಲಿ ಹೊಸ ಶಿಷ್ಯೆಯಾಗಿ ಕುಳಿತರು. ಅದೇ ವರ್ಷ ಅಲ್ಲಿಗೆ ಬಂದಿದ್ದ ಗಲಿಲಾಯ ನಾಡಿನ ಮರಿಯಂ ಬವಾರ್ದಿ ಎಂಬ ಬಡ ತರುಣಿಯು ಓದುಬರಹ ಅರಿಯದವಳು. ಬಹುಭಾಷೆಯ ನಡುವೆ ಬೆಳೆದ ವಿದ್ಯಾವತಿಯೂ ಅಕ್ಷರವರಿಯದ ಆ ತರುಣಿಯೂ ಒಂದೇ ಮಠದಲ್ಲಿ ವಿಧೇಯತೆಯ ಪಾಠವನ್ನು ಕಲಿತರು. ಆ ಮರಿಯಂ ಅವರನ್ನು 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಸಂತರ ಸಾಲಿಗೆ ಸೇರಿಸಿದರು.

1868ರ ಜುಲೈ 16, ಕಾರ್ಮೆಲ್ ಮಾತೆಯ ಹಬ್ಬದ ದಿನ. ಅಂದು ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಮಾತೆ ವೆರೋನಿಕಾ ಅವರು ಅಪೊಸ್ತಲಿಕ ಕಾರ್ಮೆಲ್ ಸಂಘದ ಮೊದಲ ಮನೆಯನ್ನು ತೆರೆದರು. ಭಾರತದಲ್ಲಿ ಶಾಲೆಗಳನ್ನು ತೆರೆಯುವ ಮೊದಲು ಶಾಲೆಗಳಿಗೆ ಬೇಕಾದ ಭಗಿನಿಯರನ್ನು ತಯಾರುಮಾಡುವುದು ಈ ಮನೆಯ ಉದ್ದೇಶ. ಕಟ್ಟಡಕ್ಕಿಂತ ಮುಂಚೆ ಕಲಿಸುವವರು ಎಂಬ ಈ ಕ್ರಮವನ್ನು ಶಾಲೆಗಳನ್ನು ನಡೆಸುವವರೆಲ್ಲರೂ ಗಮನಿಸತಕ್ಕದ್ದು.

ಎರಡೇ ವರ್ಷಗಳಲ್ಲಿ ಕರೆ ಬಂದಿತು. ಮರಿ ಎಫ್ರೆಮ್ ಅವರು ಆಗ ಮಂಗಳೂರು ಪ್ರಾಂತದ ಬಿಷಪ್ಪರಾಗಿದ್ದರು. 1870ರಲ್ಲಿ ಫ್ರಾನ್ಸು ಯುದ್ಧದಲ್ಲಿ ಸಿಲುಕಿದ್ದ ಕಾಲದಲ್ಲಿ ಈ ಭಗಿನಿಯರೂ, ಮಂಗಳೂರಿನಲ್ಲಿ ಮಠವನ್ನು ಸ್ಥಾಪಿಸಲು ಪೋ ನಗರದಿಂದ ಹೊರಟ ಕಾರ್ಮೆಲ್ ಸಂನ್ಯಾಸಿನಿಯರೂ ಸಮುದ್ರದ ದಾರಿಯಲ್ಲಿ ಭಾರತದತ್ತ ಬಂದರು. ಸಂನ್ಯಾಸಿನಿಯರಲ್ಲಿ ಮೂವರು ಮಂಗಳೂರನ್ನು ಕಾಣುವ ಮೊದಲೇ ಅಸುನೀಗಿದರು. 1870ರ ನವೆಂಬರ್ 19ರಂದು ಮಾತೆ ಮರಿ ದೆಜಾಂಜ್ ಅವರ ನೇತೃತ್ವದಲ್ಲಿ ಅಪೊಸ್ತಲಿಕ ಕಾರ್ಮೆಲಿನ ಮೊದಲ ಭಗಿನಿಯರು ಮಂಗಳೂರನ್ನು ಮುಟ್ಟಿದರು. ಸಂತ ಆನ್ನಳ ಹೆಸರಿನ ಕಾನ್ವೆಂಟೂ ಶಾಲೆಯೂ ಅಲ್ಲಿ ಬೇರೂರಿದುವು.

ಸಂಸ್ಥಾಪಕಿಯು ಅವರೊಡನೆ ಬರಲಿಲ್ಲ. ಬಯೋನಿನಲ್ಲಿದ್ದು ಇನ್ನಷ್ಟು ಭಗಿನಿಯರನ್ನು ತಯಾರುಮಾಡುವುದು ಅವರ ಪಾಲಿಗೆ ಬಂದ ಕೆಲಸ. ಆದರೆ 1873ರಲ್ಲಿ ಬಿಷಪ್ ಮರಿ ಎಫ್ರೆಮ್ ಅವರು ನಿಧನ ಹೊಂದಿದರು. ಅದೇ ವರ್ಷ ಬಯೋನಿನ ಮನೆಯೂ ಮುಚ್ಚಿತು. ಐದು ವರ್ಷಗಳ ದುಡಿಮೆಯ ಮನೆಗೆ ಬೀಗ ಬಿದ್ದಾಗ ಲೋಕದ ಕಣ್ಣಿಗೆ ಮಾತೆ ವೆರೋನಿಕಾ ಸೋತವರಾಗಿ ಕಂಡಿರಬೇಕು. ತಾವು ಸ್ಥಾಪಿಸಿದ ಸಂಘವು ಸಮುದ್ರದಾಚೆ. ತಾವು ಅದರ ಹೊರಗೆ. ಅವರು ಪೋ ನಗರದ ಮಠಕ್ಕೆ ಹಿಂದಿರುಗಿ ಮೌನವನ್ನು ಸೇರಿದರು. ಮುಂದೆ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠವು ಸ್ಥಾಪನೆಯಾದಾಗ ಅಲ್ಲಿಗೂ ಹೋಗಿ ಸೇವೆ ಸಲ್ಲಿಸಿ, ಮರಳಿ ಪೋ ನಗರಕ್ಕೆ ಬಂದರು. ಮಂಗಳೂರಿನಲ್ಲಿ ನೆಲೆಗೊಂಡ ತಮ್ಮ ಸಂಘವನ್ನು ಬಂದು ನೋಡುವ ಯೋಗವು ಅವರಿಗೆ ಕೊನೆಯವರೆಗೂ ಒದಗಲಿಲ್ಲ. 1906ರ ನವೆಂಬರ್ 16ರಂದು, ಎಂಬತ್ತಮೂರರ ವಯಸ್ಸಿನಲ್ಲಿ, ಅವರು ದೇವರ ಪಾದವನ್ನು ಸೇರಿದರು.

ಬೆಳೆಯು ಮಾತ್ರ ನಿಲ್ಲಲಿಲ್ಲ. ಮಂಗಳೂರಿನಲ್ಲಿ ಉಪಾಧ್ಯಾಯಿನಿಯರನ್ನು ತರಬೇತುಗೊಳಿಸುವ ಶಾಲೆಯು ನಡೆಯಿತು. 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ಸ್ಥಾಪನೆಯಾಯಿತು. ಕರಾವಳಿಯಲ್ಲಿ ಹುಟ್ಟಿದ ಈ ಸೇವೆಯು ಭಾರತದ ಬೇರೆ ಪ್ರಾಂತಗಳಿಗೂ, ಶ್ರೀಲಂಕಾ, ಕುವೈತ್, ಕೀನ್ಯಾ ಮೊದಲಾದ ದೇಶಗಳಿಗೂ ಹಬ್ಬಿತು. 2014ರ ಜುಲೈ 8ರಂದು ಪೋಪ್ ಫ್ರಾನ್ಸಿಸ್ ಅವರು ಮಾತೆ ವೆರೋನಿಕಾ ಅವರಿಗೆ ಪೂಜ್ಯರೆಂಬ ಪದವಿಯನ್ನು ಘೋಷಿಸಿದರು.

ಈ ಚರಿತ್ರೆಯು ನಮ್ಮ ಸೀಮೆಗೆ ಏನನ್ನು ಕಲಿಸುತ್ತದೆ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯ ನಮಗೆ ಇದರ ತಿರುಳು ಹೊಸದೆನಿಸಲಾರದು. ಕಾಯಕವನ್ನೂ ಭಕ್ತಿಯನ್ನೂ ಬೇರ್ಪಡಿಸದೆ ಬದುಕಬಹುದೆಂದು ಸಾರಿದ ಬಸವಣ್ಣನವರು ಹುಟ್ಟಿದ ನೆಲವಿದು. ಶರಣೆಯರು ಶರಣರೊಡನೆ ಸರಿಸಮಾನರಾಗಿ ಕುಳಿತು ಅನುಭಾವವನ್ನು ನುಡಿದರೆಂಬುದನ್ನು ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುತ್ತ ಬಂದಿದ್ದಾರೆ. ಮತವು ಬೇರೆ, ಕಾಲವು ಬೇರೆ. ಆದರೂ ಕೈಯಲ್ಲಿ ದುಡಿಮೆ, ಮನದಲ್ಲಿ ದೇವರು ಎಂಬ ಬಾಳು ಎಲ್ಲಿದ್ದರೂ ನಮ್ಮವರಿಗೆ ಗುರುತು ಸಿಗುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಉಪಾಧ್ಯಾಯಿನಿಯರಾಗಿ, ದಾದಿಯರಾಗಿ, ಅಧಿಕಾರಿಗಳಾಗಿ ಹೆಸರು ಗಳಿಸಿದ್ದಾರೆ. ಆದರೆ ಹೆಚ್ಚಿನವರು ಹಳ್ಳಿಯ ಮನೆಗಳಲ್ಲಿ ಒಲೆಯ ಮುಂದೆ, ಹೊಲದ ಬದುವಿನಲ್ಲಿ, ಹೆಸರಿಲ್ಲದೆ ದುಡಿಯುತ್ತಿದ್ದಾರೆ. ಕಲಿತುದು ವ್ಯರ್ಥವಾಯಿತಲ್ಲಾ ಎಂದು ಅವರು ಶಾಲೆಗೆ ಬಂದಾಗ ನಮ್ಮೊಡನೆ ಮರುಗುವುದುಂಟು. ಅಂಥವರಿಗಾಗಿಯೇ ನಾವು ಈ ಚರಿತ್ರೆಯನ್ನು ಆರಿಸಿಕೊಂಡೆವು. ತಮ್ಮ ಮನೆಯು ಮುಚ್ಚಿದುದನ್ನು ಕಂಡ ಮಾತೆ ವೆರೋನಿಕಾ ಅವರ ದುಡಿಮೆಯು ವ್ಯರ್ಥವಾಗಲಿಲ್ಲ. ಮಗಳಿಗೆ ಸಂಜೆಯ ದೀಪದ ಬೆಳಕಿನಲ್ಲಿ ಅಕ್ಷರವನ್ನು ತಿದ್ದಿಸುವ ತಾಯಿಯ ವಿದ್ಯೆಯೂ ವ್ಯರ್ಥವಲ್ಲ.

ಪಾಲಕರಲ್ಲಿ ನಮ್ಮದೊಂದು ವಿಜ್ಞಾಪನೆ. ಹಿಂಗಾರಿಯ ಬಿಳಿಜೋಳವನ್ನು ಬಿತ್ತಿ ತಿಂಗಳುಗಟ್ಟಲೆ ಕಾಯುವ ತಾಳ್ಮೆಯು ನಿಮಗೆ ಹುಟ್ಟಿನಿಂದಲೇ ಬಂದಿದೆ. ಮಗಳ ಓದಿನಲ್ಲಿಯೂ ಆ ತಾಳ್ಮೆಯಿರಲಿ. ಎಂಟನೆಯ ತರಗತಿಯಲ್ಲೋ ಒಂಬತ್ತನೆಯದರಲ್ಲೋ ಆಕೆಯನ್ನು ಬಿಡಿಸಿ ಮದುವೆಯ ಮಾತನ್ನೆತ್ತುವುದೆಂದರೆ, ತೆನೆ ಕಟ್ಟುವ ಮೊದಲೇ ಪೈರನ್ನು ಕೊಯ್ದಂತೆ. ಫಲವು ನಿಮ್ಮ ಕಣ್ಣಿಗೆ ಬೀಳದಿದ್ದರೂ ಮೊಮ್ಮಕ್ಕಳ ಕಾಲಕ್ಕೆ ಅದು ಖಂಡಿತವಾಗಿ ಬರುವುದು.

ಬಿತ್ತುವ ಕೈಗಳಿಗೆ ಬಲವನ್ನೂ, ಕಾಯುವ ಮನಸ್ಸುಗಳಿಗೆ ನಂಬಿಕೆಯನ್ನೂ ಆ ಪರಮ ದಯಾಳುವಾದ ದೇವರು ಅನುಗ್ರಹಿಸಲೆಂದು ಪ್ರಾರ್ಥಿಸಿ, ಈ ಮಹಾತಾಯಿಯ ಪುಣ್ಯಸ್ಮರಣೆಗೆ ನಾವು ತಲೆಬಾಗುತ್ತೇವೆ.